ಊಹೆಯ ವೋಲ್ಟು

ಬೆಳಕವಾಡಿಗೆ ಹತ್ತಿರದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರಲ್ಲಿ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ. ಇಂಥ ಉದ್ದದ ತಂತಿಯ ಹೆಚ್ಚಿನ ವೋಲ್ಟೇಜನ್ನು ಸಾಮಾನ್ಯವಾಗಿ ಯಾರೂ ನೇರವಾಗಿ ಅಳೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ತಗ್ಗಿಸಿ ಮೀಟರಿಗೆ ಕೊಡುತ್ತಾರೆ. ಆ ಮೀಟರು ಸರಿಯೋ ತಪ್ಪೋ ಎಂದು ನೋಡಲು ಇನ್ನೊಂದು ವೋಲ್ಟು ಬೇಕು. ಕಳೆದ ಶತಮಾನದ ಬಹುಕಾಲ ಪ್ರಯೋಗಾಲಯಗಳಲ್ಲಿ ಈ ಕೆಲಸಕ್ಕಿದ್ದದ್ದು ವೆಸ್ಟನ್ ಕೋಶ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕೊಡುತ್ತಿದ್ದದ್ದು 1.0183 ವೋಲ್ಟು.

ಈಗ ಹಲವೆಡೆ ಅಳೆಯುವುದು ಕಾಳಿನಷ್ಟು ದೊಡ್ಡ ಚಿಪ್ಪು, ಓದುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಆದರೆ ಹೋಲಿಸಲು ಇನ್ನೊಂದು ವೋಲ್ಟು ಈಗಲೂ ಬೇಕು. ಅದಕ್ಕೆ ರೆಫರೆನ್ಸ್ ವೋಲ್ಟೇಜ್ ಎನ್ನುತ್ತಾರೆ. 12 ಬಿಟ್ಟಿನ ಚಿಪ್ಪು ಅದನ್ನು 4096 ಪಾಲು ಮಾಡಿ, ಒಳಬಂದ ವೋಲ್ಟೇಜು ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಆಲೆಮನೆಯಲ್ಲಿ ಬೆಲ್ಲ ಹತ್ತು ಕಲ್ಲು ತೂಗಿತು ಅಂದಂತೆ ಇದು. ಒಂದು ಕಲ್ಲು ಎಷ್ಟು ಕೆ.ಜಿ. ಎಂದು ಗೊತ್ತಿಲ್ಲದಿದ್ದರೆ ವ್ಯಾಪಾರ ನಡೆಯದು. 2048 ಎಂಬ ಎಣಿಕೆ ರೆಫರೆನ್ಸು 2.5 ಇದ್ದರೆ 1.25 ವೋಲ್ಟು, 3.3 ಇದ್ದರೆ 1.65.

ಈ ಲೆಕ್ಕ ಮಾಡುವುದು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮು. ಬೋರ್ಡಿನಲ್ಲಿ ಏನೇನು ಜೋಡಿಸಿದೆ ಎಂದು ಡಿವೈಸ್ ಟ್ರೀ ಎಂಬ ಕಡತದಲ್ಲಿ ಬರೆದಿರುತ್ತಾರೆ. ರೆಫರೆನ್ಸ್ ಸಾಲನ್ನೇ ಬರೆಯಲು ಮರೆತಿದ್ದರೆ?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್7828 ಚಿಪ್ಪಿನೊಳಗೇ 2.5 ವೋಲ್ಟಿನ ರೆಫರೆನ್ಸ್ ಇದೆ. ಆದ್ದರಿಂದ ಹೊರಗಿನ ರೆಫರೆನ್ಸ್ ಸರಬರಾಜನ್ನು ಯಾರೂ ಹೆಸರಿಸದಿದ್ದಾಗ ಲಿನಕ್ಸ್ ಡ್ರೈವರ್ 2500 ಮಿಲಿವೋಲ್ಟ್ ಎಂದು ಹಿಡಿಯುತ್ತದೆ. ಇದು ನ್ಯಾಯವಾದ ಡೀಫಾಲ್ಟ್, ಅಂದರೆ ಯಾರೂ ಹೇಳದಿದ್ದಾಗ ಹಿಡಿಯುವ ಬೆಲೆ. ಚಿಪ್ಪಿನೊಳಗೆ ನಿಜವಾಗಿ ಇರುವ ವೋಲ್ಟೇಜೇ ಅದು. ಒಳಗೆ ರೆಫರೆನ್ಸೇ ಇಲ್ಲದ ಚಿಪ್ಪುಗಳ ಕಥೆ ಬೇರೆ. ತನ್ನ ಮೇಜಿನ ಮೇಲಿದ್ದ ಬೋರ್ಡಿನಲ್ಲಿ 3.3 ಇತ್ತೆಂದು ಡ್ರೈವರ್ ಬರೆದವನು ಅದನ್ನೇ ಡೀಫಾಲ್ಟ್ ಮಾಡಿಬಿಟ್ಟರೆ ಅದು ಬರೀ ಊಹೆ.

ಈ ಊಹೆ ಗದ್ದೆಗೆ ಬಂದರೆ ಏನಾಗುತ್ತದೆ ನೋಡಿ. ನಾಲೆ ನೀರು ಬಾರದ ವಾರ ಬೆಳಕವಾಡಿ ಕಡೆಯ ರೈತರೊಬ್ಬರು ಬೋರ್‌ವೆಲ್ ಮೋಟಾರಿಗೆ ಇಂಥ ಚಿಪ್ಪಿರುವ ಪೆಟ್ಟಿಗೆಯೊಂದನ್ನು ಹಾಕಿಸಿದ್ದಾರೆ ಅನ್ನಿ, ಲೋ ವೋಲ್ಟೇಜ್ ಆದರೆ ಮೋಟಾರು ನಿಲ್ಲಿಸಲೆಂದು. ಬೋರ್ಡಿನಲ್ಲಿ ನಿಜಕ್ಕೂ ಇರುವುದು 2.5, ಡ್ರೈವರ್ ನಂಬಿರುವುದು 3.3. ಆಗ ಪ್ರತಿ ಓದೂ 1.32 ಪಟ್ಟು ಹೆಚ್ಚು. ಫೇಸಿನಲ್ಲಿ 170 ವೋಲ್ಟಿಗೆ ಇಳಿದಿದ್ದರೂ ಪರದೆಯಲ್ಲಿ 224. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಪೆಟ್ಟಿಗೆಗೂ ಹಾಗೇ ಅನ್ನಿಸುತ್ತದೆ. ಮೋಟಾರು ಮಾತ್ರ ಹೆಚ್ಚು ಆಂಪಿಯರ್ ಎಳೆದು, ಬಿಸಿಯಾಗಿ, ರಿವೈಂಡಿಂಗ್ ಅಂಗಡಿಯ ದಾರಿ ಹಿಡಿಯುತ್ತದೆ.

ಇದಕ್ಕಿಂತ ಡ್ರೈವರ್ ಶುರುವಾಗದೆ ಹಟ ಹಿಡಿಯುವುದೇ ವಾಸಿ. ಸಾಲು ಬರೆದಿಲ್ಲ ಎಂದು ದೂರಿದರೆ ಅಳವಡಿಸುವವರು ಅವತ್ತೇ ಸರಿಮಾಡುತ್ತಾರೆ. ಸುಳ್ಳು ಅಂಕಿಯನ್ನು ವರ್ಷಗಟ್ಟಲೆ ಯಾರೂ ಗಮನಿಸದಿರಬಹುದು.

ಲಿನಕ್ಸಿನಲ್ಲೇ ಇನ್ನೊಂದು ಮೋಸವಿದೆ. ಸರಬರಾಜಿನ ಹೆಸರು ಸಿಗದಿದ್ದಾಗ ಲಿನಕ್ಸಿನ ತಿರುಳಾದ ಕರ್ನಲ್ ಒಂದು ಡಮ್ಮಿ ರೆಗ್ಯುಲೇಟರನ್ನು, ಅಂದರೆ ಹೆಸರಿಗಷ್ಟೇ ಇರುವ ಸರಬರಾಜನ್ನು, ಕೈಗಿಡುತ್ತದೆ. ಕರೆಂಟ್ ಬರುತ್ತಿದೆ ಅಂದುಕೊಳ್ಳಲು ಅಷ್ಟು ಸಾಕು. ಎಷ್ಟು ವೋಲ್ಟು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಹಾಗಾಗಿ ರೆಫರೆನ್ಸಿಗೆ ‘ಇದ್ದರೆ ಕೊಡು, ಇಲ್ಲವಾದರೆ ಇಲ್ಲ ಅನ್ನು’ ಎಂದು ಕೇಳುವ ಬೇರೆ ಕರೆಯೇ (ಫಂಕ್ಷನ್) ಇದೆ. 2024ರಲ್ಲಿ ಸೇರಿದ ಹೊಸ ಕರೆಯೊಂದು ಹುಡುಕುವುದು, ಚಾಲೂ ಮಾಡುವುದು, ವೋಲ್ಟೇಜ್ ಓದುವುದು ಮೂರನ್ನೂ ಒಟ್ಟಿಗೆ ಮಾಡುತ್ತದೆ. ಇಲ್ಲಿ ‘ಇಲ್ಲ’ ಬೇರೆ, ‘ಇನ್ನೂ ಸಿದ್ಧವಾಗಿಲ್ಲ, ತಡಿ’ ಬೇರೆ. ಎರಡನೆಯ ಉತ್ತರ ಕೇಳಿಯೂ ಡೀಫಾಲ್ಟಿಗೆ ಜಿಗಿಯುವ ಡ್ರೈವರ್ ಒಂದು ದಿನ ಸರಿ, ಮರುದಿನ ಬೂಟ್ ಆದಾಗ ತಪ್ಪು.

ಅನುಮಾನ ಬಂದರೆ ಪರೀಕ್ಷೆ ಸುಲಭ. ಮೋಟಾರಿನ ತಂತಿ ಮುಟ್ಟಬೇಕಿಲ್ಲ. ಗೋಡೆ ಗಡಿಯಾರದ ಸೆಲ್ಲನ್ನು ಮಲ್ಟಿಮೀಟರಿನಲ್ಲಿ ಅಳೆದು, ಅದನ್ನೇ ಚಿಪ್ಪಿನ ಖಾಲಿ ಚಾನೆಲ್ಲಿಗೆ ಜೋಡಿಸಿ. ಮೀಟರು 1.5 ಅಂದು ಪರದೆ 1.98 ಅಂದರೆ, ಮೊದಲು ಡಿವೈಸ್ ಟ್ರೀ ಕಡತ ತೆರೆಯಿರಿ.