ಚೀನೀ ಭಾಷಿಕರಿಗೆ ಇಂಗ್ಲಿಷಿನ ಉನ್ನತ ಪದಸಂಪತ್ತು: ತೊಡಕುಗಳು ಮತ್ತು ಬೋಧನಕ್ರಮ

ಪೀಠಿಕೆ

ಪರಭಾಷೆಯನ್ನು ಕಲಿಯುವವನಿಗೆ ಮೊದಲ ಒಂದೆರಡು ಸಾವಿರ ಪದಗಳು ಬೇಗನೆ ವಶವಾಗುತ್ತವೆ. ಮನೆ, ಮರ, ಊಟ, ಹೋಗು, ಬಾ ಎಂಬಂತಹ ಪದಗಳು ಪಾಠಪಾಠದಲ್ಲಿಯೂ ಮರಳಿ ಮರಳಿ ಬರುತ್ತವೆ, ಬಂದುದು ನಿಲ್ಲುತ್ತದೆ. ತೊಡಕು ಮೊದಲಾಗುವುದು ಅಲ್ಲಿಂದ ಮುಂದೆ. ವೃತ್ತಪತ್ರಿಕೆಯ ಅಗ್ರಲೇಖನ, ಶಾಸ್ತ್ರಗ್ರಂಥ, ಕಾದಂಬರಿ ಇವುಗಳಲ್ಲಿ ಬರುವ ಪದಗಳು ಒಂದೊಂದಾಗಿ ನೋಡಿದರೆ ಅಪರೂಪ, ಒಟ್ಟಾಗಿ ನೋಡಿದರೆ ಅಪಾರ. ನ್ಯೂಜಿಲೆಂಡಿನ ಭಾಷಾವಿದ್ವಾಂಸ ಪಾಲ್ ನೇಷನ್ ಅವರು ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರಕ್ಕೆ ಎರಡೇ ಪದಗಳು ಅಪರಿಚಿತವಾಗಿ ಉಳಿಯುವಷ್ಟು ಸಲೀಸಾಗಿ ಇಂಗ್ಲಿಷ್ ಕಾದಂಬರಿಯನ್ನೋ ಪತ್ರಿಕೆಯನ್ನೋ ಓದಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ತಿಳಿದಿರಬೇಕು. ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಪದಕುಟುಂಬ.

ಈ ಎತ್ತರವನ್ನು ಏರುವುದು ಚೀನೀ ಮಾತೃಭಾಷೆಯ ವಿದ್ಯಾರ್ಥಿಗೆ ಏಕೆ ಕಷ್ಟ, ಅವನಿಗೆ ಯಾವ ಕ್ರಮದಿಂದ ಕಲಿಸುವುದು ಯುಕ್ತ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ. ಚೀನದ ಮಾತು ಗಡಿನಾಡಿನ ಅಧ್ಯಾಪಕರಿಗೆ ಏತಕ್ಕೆ ಎಂದು ಕೆಲವರು ಕೇಳಬಹುದು. ಮನೆಯಲ್ಲೊಂದು, ಬೀದಿಯಲ್ಲೊಂದು, ಪುಸ್ತಕದಲ್ಲೊಂದು ನುಡಿಯಿರುವ ಮಕ್ಕಳಿಗೆ ಪದ ಕಲಿಸುವುದೇ ನಮ್ಮ ನಿತ್ಯದ ಕೆಲಸ. ದೂರದ ಒಂದು ಭಾಷೆಯ ಎದುರಿಗಿಟ್ಟು ನೋಡಿದಾಗ ನಮ್ಮ ಭಾಷೆಯ ಅನುಕೂಲವೂ ಕೊರತೆಯೂ ಹೆಚ್ಚು ನಿಚ್ಚಳವಾಗಿ ಕಾಣುತ್ತವೆ.

ಚೀನದಲ್ಲಿ ಇಂಗ್ಲಿಷ್ ಕಲಿಕೆ

ಚೀನದ ಸರಕಾರವು ಪರಭಾಷೆಗಳನ್ನು ಕಲಿಸಲು ಪೀಕಿಂಗಿನಲ್ಲಿ 'ಥುಂಗ್‌ವೆನ್ ಗ್ವಾನ್' ಎಂಬ ಶಾಲೆಯನ್ನು ತೆರೆದುದು ೧೮೬೨ರಲ್ಲಿ. ಶಾಂಘೈಯಲ್ಲಿ ೧೮೯೭ರಲ್ಲಿ ಸ್ಥಾಪಿತವಾದ ಕಮರ್ಷಿಯಲ್ ಪ್ರೆಸ್ ಎಂಬ ಪ್ರಕಾಶನಸಂಸ್ಥೆಯು ಮರುವರ್ಷ ಹೊರತಂದ ಇಂಗ್ಲಿಷ್ ಬಾಲಬೋಧೆಯ ಕಥೆ ನಮಗೆ ಸ್ವಾರಸ್ಯವಾದುದು. ಬ್ರಿಟಿಷರು ಭಾರತದ ಶಾಲಾಮಕ್ಕಳಿಗೆಂದು ಸಿದ್ಧಪಡಿಸಿದ್ದ ಪಾಠಪುಸ್ತಕಕ್ಕೆ ಚೀನೀ ಅರ್ಥವಿವರಣೆಯನ್ನು ಸೇರಿಸಿ ಅದನ್ನು ಅಚ್ಚುಮಾಡಿದ್ದರು. ನಮ್ಮ ಹಿರಿಯರೂ ಚೀನದ ಹಿರಿಯರೂ ಒಂದು ಕಾಲಕ್ಕೆ ಒಂದೇ ಪುಸ್ತಕದ ಸಂತತಿಯಿಂದ ಇಂಗ್ಲಿಷ್ ಕಲಿತರೆಂದಾಯಿತು.

೧೯೫೦ರ ದಶಕದಲ್ಲಿ ರಷ್ಯನ್ ಭಾಷೆಗೆ ಅಗ್ರಸ್ಥಾನ ದೊರೆತಿತ್ತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ವಿಶ್ವವಿದ್ಯಾಲಯ ಪ್ರವೇಶಪರೀಕ್ಷೆಯು ೧೯೭೭ರಲ್ಲಿ ಮತ್ತೆ ಆರಂಭವಾದ ಮೇಲೆ ಇಂಗ್ಲಿಷಿಗೆ ಬೆಲೆ ಏರಿತು. ೧೯೮೭ರಿಂದ ಕಾಲೇಜು ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ಇಂಗ್ಲಿಷ್ ಪರೀಕ್ಷೆ ಬಂದಿತು. ಅದರ ನಾಲ್ಕನೆಯ ಮೆಟ್ಟಿಲಿಗೆ ಸುಮಾರು ೪,೫೦೦ ಪದಗಳು, ಆರನೆಯ ಮೆಟ್ಟಿಲಿಗೆ ಸುಮಾರು ೬,೦೦೦ ಪದಗಳು ಬೇಕೆಂದು ಪಟ್ಟಿಗಳು ಸಿದ್ಧವಾದವು.

ಪಟ್ಟಿ ಬಂದಲ್ಲಿ ಉರುಹೊಡೆಯುವುದೂ ಬರುತ್ತದೆ. ಅಕಾರಾದಿಯಾಗಿ ಜೋಡಿಸಿದ ಈ ಪದಪುಸ್ತಕಗಳ ಮೊದಲ ಪುಟದಲ್ಲಿಯೇ 'ಅಬ್ಯಾಂಡನ್' ಎಂಬ ಪದ ಕಾಣಿಸಿಕೊಳ್ಳುತ್ತದೆ; ಅದರ ಅರ್ಥ ಕೈಬಿಡು ಎಂದು. ಮೊದಲ ಪದವನ್ನು ಕಲಿತ ವಿದ್ಯಾರ್ಥಿಯು ಅದರಂತೆಯೇ ನಡೆದು ಪುಸ್ತಕವನ್ನು ಕೈಬಿಡುತ್ತಾನೆಂಬುದು ಚೀನದ ವಿದ್ಯಾರ್ಥಿಗಳಲ್ಲಿ ಬಳಕೆಯಲ್ಲಿರುವ ಹಾಸ್ಯ. ಪದಗಳನ್ನು ಧ್ವನಿಸಾಮ್ಯದಿಂದ ನೆನಪಿಡುವ ಯುಕ್ತಿಯೂ ಅಲ್ಲಿ ಪ್ರಸಿದ್ಧ. 'ಆಂಬುಲೆನ್ಸ್' ಎಂಬುದನ್ನು 'ಆನ್ ಬು ನಂಗ್ ಸ್ಸ' ಎಂದು ಒಡೆದರೆ ಚೀನೀ ಭಾಷೆಯಲ್ಲಿ 'ನಾನು ಸಾಯುವಂತಿಲ್ಲ' ಎಂಬ ಅರ್ಥ ಬರುತ್ತದೆ! ಇಂತಹ ಯುಕ್ತಿಗಳಿಂದ ಅರ್ಥ ನೆನಪಿನಲ್ಲಿ ನಿಲ್ಲುವುದೇನೋ ನಿಜ. ಆದರೆ ಉಚ್ಚಾರ ಕೆಡುತ್ತದೆ. ವಾಕ್ಯದಲ್ಲಿ ಆ ಪದವನ್ನು ಎಲ್ಲಿ ಇಡಬೇಕೆಂಬುದು ತಿಳಿಯದೆ ಉಳಿಯುತ್ತದೆ. ಸಾವಿರಾರು ಪದ ಬಲ್ಲವನು ನಾಲ್ಕು ಮಾತಾಡಲಾರದೆ ನಿಲ್ಲುವ ಸ್ಥಿತಿಗೆ ಚೀನೀಯರೇ 'ಮೂಕ ಇಂಗ್ಲಿಷ್' ಎಂದು ಹೆಸರಿಟ್ಟಿದ್ದಾರೆ. ವರ್ಷಗಟ್ಟಲೆಯ ದುಡಿಮೆಯ ಫಲ ಇಷ್ಟೇ ಆದರೆ ಅದು ಸಣ್ಣ ನಷ್ಟವಲ್ಲ.

ಎರಡು ಭಾಷೆಗಳ ಪದರಚನೆ

ಈ ಕಷ್ಟದ ಬೇರು ವಿದ್ಯಾರ್ಥಿಯ ಆಲಸ್ಯದಲ್ಲಿಲ್ಲ, ಎರಡು ಭಾಷೆಗಳು ಪದ ಕಟ್ಟುವ ರೀತಿಯಲ್ಲಿದೆ. ಚೀನೀ ಭಾಷೆಯಲ್ಲಿ 'ನ್ಯೂ' ಎಂದರೆ ದನ. ಗಂಡು-ನ್ಯೂ ಎಂದರೆ ಹೋರಿ, ಹೆಣ್ಣು-ನ್ಯೂ ಎಂದರೆ ಹಸು, ಚಿಕ್ಕ-ನ್ಯೂ ಎಂದರೆ ಕರು, ನೀರು-ನ್ಯೂ ಎಂದರೆ ಎಮ್ಮೆ, ನ್ಯೂ-ಮಾಂಸವೆಂದರೆ ದನದ ಮಾಂಸ. ಒಂದು ಪದ ತಿಳಿದರೆ ಐದು ತಿಳಿದಂತೆ. ಇಂಗ್ಲಿಷಿನಲ್ಲಿ ಬುಲ್, ಕೌ, ಕಾಫ್, ಬಫಲೋ, ಬೀಫ್ ಎಂದು ಐದಕ್ಕೂ ಬೇರೆ ಬೇರೆ ಹೆಸರು. ಇದಕ್ಕೆ ಕಾರಣ ಇತಿಹಾಸದಲ್ಲಿದೆ. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಬಳಿಕ ಆಳುವವರ ನುಡಿ ಫ್ರೆಂಚ್ ಆಯಿತು. ಕೊಟ್ಟಿಗೆಯ ಕೌ ಇಂಗ್ಲಿಷಾಗಿಯೇ ಉಳಿಯಿತು. ಊಟದ ಮೇಜಿನ ಬೀಫ್ ಫ್ರೆಂಚಿನಿಂದ ಬಂದಿತು. ಮುಂದೆ ಪಂಡಿತರು ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಶಾಸ್ತ್ರಪದಗಳನ್ನು ತಂದು ತುಂಬಿದರು.

ರೋಗಗಳ ಹೆಸರನ್ನು ನೋಡಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಚೀನೀ ಭಾಷೆಯಲ್ಲಿ 'ಯೆನ್' ಎಂದರೆ ಉರಿಯೂತ. ಮೂತ್ರಪಿಂಡ-ಯೆನ್, ಪಿತ್ತಜನಕಾಂಗ-ಯೆನ್, ಶ್ವಾಸಕೋಶ-ಯೆನ್, ಕೀಲು-ಯೆನ್ ಎಂದರೆ ಹಳ್ಳಿಯ ರೋಗಿಗೂ ಅರ್ಥವಾಗುತ್ತದೆ. ಇಂಗ್ಲಿಷಿನವನು ಕಿಡ್ನಿ ಎನ್ನುತ್ತಾನೆ, ರೋಗವನ್ನು ನೆಫ್ರೈಟಿಸ್ ಎನ್ನುತ್ತಾನೆ. ಲಿವರ್ ಎನ್ನುತ್ತಾನೆ, ರೋಗಕ್ಕೆ ಹೆಪಟೈಟಿಸ್ ಎನ್ನುತ್ತಾನೆ. ಲಂಗ್ ಎಂಬುದಕ್ಕೆ ನ್ಯುಮೋನಿಯಾ, ಜಾಯಿಂಟ್ ಎಂಬುದಕ್ಕೆ ಆರ್ಥ್ರೈಟಿಸ್. ಅಂಗಕ್ಕೂ ಅದರ ರೋಗಕ್ಕೂ ಸಂಬಂಧವಿದೆಯೆಂದು ಪದದ ಮುಖ ನೋಡಿ ಊಹಿಸುವಂತಿಲ್ಲ. ತನ್ನ ಭಾಷೆಯಲ್ಲಿ ಪದವನ್ನು ಬಿಡಿಸಿ ಓದಿ ಅಭ್ಯಾಸವಾದವನಿಗೆ ಇಂಗ್ಲಿಷಿನ ದೊಡ್ಡ ಪದಗಳು ಬೀಗ ಹಾಕಿದ ಪೆಟ್ಟಿಗೆಗಳಂತೆ ತೋರುತ್ತವೆ. ಬೀಗ ತೆಗೆಯುವುದನ್ನು ಯಾರೂ ಹೇಳಿಕೊಡದಿದ್ದರೆ ಪೆಟ್ಟಿಗೆಗಳನ್ನು ಎಣಿಸಿ ಹೊತ್ತುಕೊಳ್ಳುವುದೊಂದೇ ಅವನಿಗೆ ಉಳಿದ ದಾರಿ.

ಇಲ್ಲಿ ಕನ್ನಡಿಗನ ಸ್ಥಿತಿ ಬೇರೆ. ನಾವು ಕಾಲು ಎನ್ನುತ್ತೇವೆ. ಆದರೆ ನಡೆದುಹೋಗುವವನು ಪಾದಚಾರಿ. ಹಲ್ಲು ಎನ್ನುತ್ತೇವೆ, ಆದರೆ ದಂತವೈದ್ಯರ ಬಳಿಗೆ ಹೋಗುತ್ತೇವೆ. ದೇಶ್ಯಪದದ ಮೇಲೆ ಸಂಸ್ಕೃತಪದದ ಇನ್ನೊಂದು ಅಂತಸ್ತು ನಮ್ಮ ನುಡಿಯಲ್ಲಿದೆ. ಫುಟ್ ಮತ್ತು ಪೆಡೆಸ್ಟ್ರಿಯನ್, ಟೂತ್ ಮತ್ತು ಡೆಂಟಿಸ್ಟ್ ಎಂಬ ಜೋಡಿಗಳನ್ನು ಕಂಡಾಗ ನಮ್ಮ ವಿದ್ಯಾರ್ಥಿಗೆ ಅದು ಹೊಸತೆನಿಸಬೇಕಾಗಿಲ್ಲ. ಅಷ್ಟೇ ಅಲ್ಲ, ಸಂಸ್ಕೃತದ ಪಾದ, ದಂತ, ಮಾತೃ, ಸಪ್ತ ಎಂಬುವು ಲ್ಯಾಟಿನ್ ಮೂಲಗಳಿಗೆ ದಾಯಾದಿಗಳೇ ಆಗಿವೆ. ದ್ರಾವಿಡ ಭಾಷೆಯನ್ನಾಡುವ ನಮಗೆ ಸಂಸ್ಕೃತದ ಮೂಲಕ ಈ ಹಿಡಿಗೋಲು ದೊರೆತಿದೆ. ಚೀನೀ ವಿದ್ಯಾರ್ಥಿಗೆ ಅದು ಇಲ್ಲ. ಕಾಫಿ, ಸೋಫಾ, ಚಾಕೊಲೇಟ್ ಮುಂತಾದ ಕೆಲವು ಎರವಲು ಪದಗಳನ್ನು ಬಿಟ್ಟರೆ ಅವನಿಗೆ ಇಂಗ್ಲಿಷಿನಲ್ಲಿ ನಂಟರ ಮುಖ ಕಾಣುವುದು ಬಹಳ ಕಡಿಮೆ.

ಸೇತುವೆ ಎಲ್ಲಿದೆ?

ಆದರೂ ಚೀನೀ ಭಾಷೆಯ ಒಳಗೇ ಸೇತುವೆಗಳಿವೆ. ಅಲ್ಲಿಯೂ ಆಡುಮಾತಿನಲ್ಲಿ ಕಾಲಿಗೆ 'ಜ್ಯಾವ್' ಎಂದರೆ, ಕಾಲ್ಚೆಂಡಿನ ಹೆಸರಿನಲ್ಲಿ ಬರುವುದು ಹಳೆಯ ಗ್ರಂಥಭಾಷೆಯ 'ತ್ಸೂ'. "ನಿನ್ನ ಭಾಷೆಯ ಜ್ಯಾವ್ ಮತ್ತು ತ್ಸೂ ಹೇಗೋ ಇಂಗ್ಲಿಷಿನ ಫುಟ್ ಮತ್ತು ಪೆಡ್ ಹಾಗೆ" ಎಂದು ಅಧ್ಯಾಪಕನು ತೋರಿಸಿದರೆ ಅರ್ಧ ಭಯ ಹೋಗುತ್ತದೆ.

ಎರಡನೆಯ ಸೇತುವೆ ಲಿಪಿ. ಹೊಳೆ, ಸರೋವರ, ಸಮುದ್ರ, ತೊಳೆ, ಕಣ್ಣೀರು ಎಂಬ ಅರ್ಥಗಳ ಚೀನೀ ಅಕ್ಷರಗಳ ಎಡಮಗ್ಗುಲಲ್ಲಿ ಮೂರು ನೀರಹನಿಗಳ ಗುರುತು ಇರುತ್ತದೆ. ಗುರುತನ್ನು ಕಂಡು ಅರ್ಥದ ಜಾಡು ಹಿಡಿಯುವುದನ್ನು ಚೀನೀ ಮಗು ಬಾಲ್ಯದಲ್ಲಿಯೇ ಕಲಿತಿರುತ್ತದೆ. ನೋಡು ಎಂಬರ್ಥದ 'ಸ್ಪೆಕ್ಟ್' ಎಂಬ ಲ್ಯಾಟಿನ್ ಧಾತುವು ಇನ್‌ಸ್ಪೆಕ್ಟ್, ಸ್ಪೆಕ್ಟೇಟರ್, ಪ್ರಾಸ್ಪೆಕ್ಟ್ ಎಂಬ ಪದಗಳಲ್ಲಿ ನಿಂತಿರುವುದನ್ನು ಅದೇ ನೀರಹನಿಯ ಗುರುತಿನಂತೆ ತೋರಿಸಬಹುದು. ಆಮದಿಗೆ ಚೀನೀಯರು 'ಒಳ-ಬಾಯಿ' ಎಂದೂ ರಫ್ತಿಗೆ 'ಹೊರ-ಬಾಯಿ' ಎಂದೂ ಹೇಳುತ್ತಾರೆ. ಬಾಯಿ ಎಂದರೆ ಇಲ್ಲಿ ಪ್ರವೇಶದ್ವಾರ. ಇಂಪೋರ್ಟ್, ಎಕ್ಸ್‌ಪೋರ್ಟ್ ಎಂಬುವುಗಳಲ್ಲಿ 'ಪೋರ್ಟ್' ಎಂದರೆ ಹೊತ್ತೊಯ್ಯು ಎಂದರ್ಥ. ಮುಂದಿರುವುದು ಒಳಗೆ, ಹೊರಗೆ ಎಂಬ ಉಪಸರ್ಗ. ಕಟ್ಟಡ ಒಂದೇ, ಇಟ್ಟಿಗೆ ಮಾತ್ರ ಬೇರೆ. ಆಮದು, ರಫ್ತು ಎಂಬ ನಮ್ಮ ಎರವಲು ಪದಗಳಲ್ಲಿ ಈ ಕಟ್ಟಡ ಕನ್ನಡಿಗನಿಗೆ ಕಾಣುವುದಿಲ್ಲ. ಈ ಎಡೆಯಲ್ಲಿ ಚೀನೀ ವಿದ್ಯಾರ್ಥಿಯೇ ನಮಗಿಂತ ಅನುಕೂಲಸ್ಥ.

ಧಾತುಪಾಠಕ್ಕೂ ಮಿತಿಯಿದೆ. 'ಅಂಡರ್' ಮತ್ತು 'ಸ್ಟ್ಯಾಂಡ್' ಸೇರಿದರೆ ಕೆಳಗೆ ನಿಲ್ಲು ಎಂದಾಗದೆ ತಿಳಿದುಕೊಳ್ಳು ಎಂದಾಗುತ್ತದೆ. 'ಇನ್‌ವ್ಯಾಲ್ಯುಬಲ್' ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಆದುದರಿಂದ ಧಾತುವಿನಿಂದ ಊಹೆ ಮಾಡಬೇಕು, ವಾಕ್ಯದಿಂದ ಅದನ್ನು ಪರೀಕ್ಷಿಸಬೇಕು.

ರೂಪ, ಒಡನಾಟ, ಬಣ್ಣ

ಅರ್ಥ ತಿಳಿದ ಮಾತ್ರಕ್ಕೆ ಪದ ಬಂದಂತಾಗಲಿಲ್ಲ. ಇನ್ನೂ ಮೂರು ವಿಷಯಗಳು ಉಳಿದಿವೆ.

ಮೊದಲನೆಯದು ರೂಪ. ಚೀನೀ ಪದ ರೂಪ ಬದಲಿಸುವುದಿಲ್ಲ. 'ಛಂಗ್‌ಗೊಂಗ್' ಎಂಬ ಒಂದೇ ಪದ ಯಶಸ್ಸು, ಯಶಸ್ವಿ, ಯಶಸ್ಸು ಪಡೆ ಎಂಬ ಎಲ್ಲ ಅರ್ಥಗಳಲ್ಲಿಯೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಸಕ್ಸೀಡ್, ಸಕ್ಸೆಸ್, ಸಕ್ಸೆಸ್‌ಫುಲ್, ಸಕ್ಸೆಸ್‌ಫುಲಿ ಎಂದು ನಾಲ್ಕು ರೂಪಗಳು ಬೇಕು. 'ಅವನು ಬಹಳ ಸಕ್ಸೆಸ್' ಎಂದು ಚೀನೀ ವಿದ್ಯಾರ್ಥಿ ಬರೆಯುವುದು ಇದರಿಂದ. ಪದವನ್ನು ಒಂಟಿಯಾಗಿ ಕಲಿಸದೆ ಕುಟುಂಬಸಮೇತ ಕಲಿಸುವುದೇ ಇದಕ್ಕೆ ಪರಿಹಾರ.

ಎರಡನೆಯದು ಒಡನಾಟ. 'ಕಾಯ್' ಎಂದರೆ ತೆರೆ. ಚೀನೀಯನು ಬಾಗಿಲನ್ನೂ ತೆರೆಯುತ್ತಾನೆ, ದೀಪವನ್ನೂ ತೆರೆಯುತ್ತಾನೆ, ಕಾರನ್ನೂ ತೆರೆಯುತ್ತಾನೆ, ಸಭೆಯನ್ನೂ ತೆರೆಯುತ್ತಾನೆ. ಇಂಗ್ಲಿಷಿನಲ್ಲಿ ದೀಪಕ್ಕೆ, ಕಾರು ನಡೆಸುವುದಕ್ಕೆ, ಸಭೆ ನಡೆಸುವುದಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ. ನಮ್ಮಲ್ಲಿಯೂ ಕೊಡೆ ಹಿಡಿಯುತ್ತೇವೆ, ಹಾದಿ ಹಿಡಿಯುತ್ತೇವೆ, ಹಠ ಹಿಡಿಯುತ್ತೇವೆ. ಇದನ್ನು ಪದಕ್ಕೆ ಪದವಾಗಿ ಇಂಗ್ಲಿಷಿಗೆ ತಿರುಗಿಸಿದರೆ ನಗೆಪಾಟಲು. 'ಸ್ಟ್ರಾಂಗ್' ಪದದ ಜೊತೆಗೆ ಚಹವನ್ನೂ, 'ಹೆವಿ' ಪದದ ಜೊತೆಗೆ ಮಳೆಯನ್ನೂ ಒಟ್ಟಿಗೆ ಬರೆಸುವುದು ಲೇಸು.

ಮೂರನೆಯದು ಪದದ ಬಣ್ಣ. 'ಷ್ವೆನ್‌ಛ್ವಾನ್' ಎಂದರೆ ನಮ್ಮ ಪ್ರಚಾರ ಎಂಬಂತೆ ನಿರ್ದೋಷವಾದ ಪದ. ನಿಘಂಟಿನಲ್ಲಿ ಅದರ ಎದುರಿಗಿರುವ 'ಪ್ರಾಪಗ್ಯಾಂಡಾ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಕಪಟದ ವಾಸನೆಯಿದೆ. ಚೀನದ ಆಳುವ ಪಕ್ಷದ ಪ್ರಚಾರವಿಭಾಗವು ೧೯೯೮ರಲ್ಲಿ ತನ್ನ ಇಂಗ್ಲಿಷ್ ಹೆಸರಿನಲ್ಲಿ ಈ ಪದವನ್ನು ಬಿಟ್ಟು 'ಪಬ್ಲಿಸಿಟಿ' ಎಂಬುದನ್ನು ಇಟ್ಟುಕೊಂಡಿತು. ಚೀನೀ ಹೆಸರು ಇದ್ದಂತೆಯೇ ಉಳಿಯಿತು.

ಬಣ್ಣದ ಮಾತಿಗೆ ಸೇರಿದ ಇನ್ನೊಂದು ದೋಷವೆಂದರೆ ಆಡಂಬರ. ಚೀನೀ ಗದ್ಯದಲ್ಲಿ 'ಛಂಗ್‌ಯೂ' ಎಂಬ ನಾಲ್ಕಕ್ಷರದ ನುಡಿಗಟ್ಟುಗಳನ್ನು ಹೆಣೆಯುವುದು ಪಾಂಡಿತ್ಯದ ಲಕ್ಷಣ. ಅದೇ ರುಚಿಯಿಂದ ವಿದ್ಯಾರ್ಥಿಯು ಇಂಗ್ಲಿಷ್ ಪ್ರಬಂಧದಲ್ಲಿಯೂ ಅಪರೂಪದ ಪದಗಳನ್ನು ತುರುಕುತ್ತಾನೆ. ಉನ್ನತ ಪದಸಂಪತ್ತೆಂದರೆ ಕಠಿನ ಪದಗಳ ರಾಶಿಯಲ್ಲ; ಸರಳ ಪದ ಸಾಕಾದಲ್ಲಿ ಸರಳ ಪದವನ್ನೇ ಆರಿಸುವ ವಿವೇಕವೂ ಅದರಲ್ಲಿ ಸೇರಿದೆ.

ಬೋಧನಕ್ರಮ

ಮೇಲಿನ ವಿಚಾರದಿಂದ ಅಧ್ಯಾಪಕನಿಗೆ ದೊರೆಯುವ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಪದಗಳನ್ನು ಬಳಕೆಯ ಪ್ರಮಾಣಕ್ಕೆ ಅನುಸಾರವಾಗಿ ಆರಿಸಬೇಕು. ಢಾಕಾದಲ್ಲಿ ಬಂಗಾಳಿ ಬಾಲಕರಿಗೆ ಇಂಗ್ಲಿಷ್ ಓದಿಸುವ ಪ್ರಯೋಗ ನಡೆಸಿದ್ದ ಮೈಕೆಲ್ ವೆಸ್ಟ್ ಅವರು ೧೯೫೩ರಲ್ಲಿ ಸುಮಾರು ೨,೦೦೦ ಮೂಲಪದಗಳ ಪಟ್ಟಿಯನ್ನು ಪ್ರಕಟಿಸಿದರು. ಅದರ ಮೇಲಿನ ಅಂತಸ್ತಾಗಿ ಆವೆರಿಲ್ ಕಾಕ್ಸ್‌ಹೆಡ್ ಅವರು ೨೦೦೦ದಲ್ಲಿ ಪಾಂಡಿತ್ಯಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ೫೭೦ ಪದಕುಟುಂಬಗಳನ್ನು ಗುರುತಿಸಿದರು. ಇವು ಗಟ್ಟಿಯಾದ ಮೇಲೆ ಅಪರೂಪದ ಪದಗಳ ಸರದಿ.

ದಿನಕ್ಕೆ ನೂರು ಪದ ಉರುಹೊಡೆಸುವುದಕ್ಕಿಂತ ಹತ್ತು ಪದಗಳನ್ನು ಧಾತು, ರೂಪ, ಒಡನಾಡಿ, ಒಂದು ನಿಜವಾದ ವಾಕ್ಯ ಇವುಗಳೊಡನೆ ಕಲಿಸುವುದು ಮೇಲು. ಕಲಿತುದನ್ನು ಒಂದು, ಎರಡು, ನಾಲ್ಕು, ಏಳು, ಹದಿನೈದನೆಯ ದಿನಗಳಲ್ಲಿ ತಿರುವಿಹಾಕುವ ಪದ್ಧತಿ ಚೀನದಲ್ಲಿ ರೂಢಿಯಲ್ಲಿದೆ. ಮರೆವಿನ ಕುರಿತು ಜರ್ಮನಿಯ ಎಬ್ಬಿಂಗ್‌ಹೌಸ್ ೧೮೮೫ರಲ್ಲಿ ಪ್ರಕಟಿಸಿದ ಶೋಧನೆಯೇ ಇದಕ್ಕೆ ಆಧಾರ. ಇವೆಲ್ಲಕ್ಕಿಂತ ಮುಖ್ಯವಾದುದು ಓದು. ತನ್ನ ಮಟ್ಟಕ್ಕೆ ತಕ್ಕ ಪುಸ್ತಕಗಳನ್ನು ಹೇರಳವಾಗಿ ಓದುವವನಿಗೆ ಅದೇ ಪದ ಹತ್ತು ಬೇರೆ ಸಂದರ್ಭಗಳಲ್ಲಿ ಎದುರಾಗುತ್ತದೆ; ಹತ್ತನೆಯ ಸಲ ಅದು ಅವನದಾಗಿರುತ್ತದೆ.

ನಮಗೊಂದು ಮಾತು

ಚೀನೀ ವಿದ್ಯಾರ್ಥಿಯ ಮಾತೃಭಾಷೆಯು ಅವನಿಗೆ ಅಡ್ಡಿಯೆಂದು ತೋರಿದ ಎಡೆಯಲ್ಲಿಯೇ ದಾರಿಯೂ ಇದ್ದುದನ್ನು ಕಂಡೆವು. ನೀರಹನಿಯ ಗುರುತನ್ನು ಬಲ್ಲ ಮಗುವಿಗೆ ಧಾತುವಿನ ಮರ್ಮ ಬೇಗ ಹೊಳೆಯುತ್ತದೆ. ಹಾಗೆಯೇ ಹಲ್ಲು ಮತ್ತು ದಂತ ಎರಡನ್ನೂ ಬಲ್ಲ ಕನ್ನಡದ ಮಗುವಿಗೆ ಟೂತ್ ಮತ್ತು ಡೆಂಟಲ್ ಎರಡೂ ಅಪರಿಚಿತವಾಗಲಾರವು. ಆದರೆ ಆ ಮಗುವಿಗೆ ಮೊದಲು ಹಲ್ಲು, ದಂತ ಎಂಬ ಎರಡು ಪದಗಳೂ ಚೆನ್ನಾಗಿ ಬಂದಿರಬೇಕು. ಇಂಗ್ಲಿಷ್ ಬೇಗ ಬರಲೆಂದು ಮನೆಮಾತಿನ ಪಾಠವನ್ನು ಕಿರಿದುಮಾಡುವವರು ಮೇಲಂತಸ್ತಿಗೆ ಹೋಗುವ ಏಣಿಯನ್ನೇ ತೆಗೆದಿಟ್ಟಂತಾಗುತ್ತದೆ. ಈ ಮಾತನ್ನು ಗಡಿಶಾಲೆಗಳ ಅಧ್ಯಾಪಕ ಬಂಧುಗಳು ತಮ್ಮ ತರಗತಿಗಳಲ್ಲಿ ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ.