ಕಾರ್ಖಾನೆಯಲ್ಲೇ ಕಟ್ಟಿದ ಕ್ಯಾಂಪರ್ ವ್ಯಾನ್: ಹೆಸರಿಗೆ ತಕ್ಕ ಹಾಗಿದೆಯಾ?

ರೀಲ್ಸ್ ನೋಡೋರಿಗೆಲ್ಲ ಈ ದೃಶ್ಯ ಗೊತ್ತಿರುತ್ತೆ. ಸರೋವರದ ದಡ, ಪಕ್ಕದಲ್ಲೊಂದು ವ್ಯಾನು, ಛಾವಣಿ ಓರೆಯಾಗಿ ಮೇಲೆದ್ದಿದೆ, ತೆರೆದ ಬಾಗಿಲಲ್ಲಿ ಯಾರೋ ಕಂಬಳಿ ಹೊದ್ದು ಕಾಫಿ ಕುಡೀತಿದಾರೆ. ಯೂರೋಪಿನ ರೀಲ್ ಆಗಿದ್ರೆ ಆ ವ್ಯಾನು ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಆಗಿರೋ ಸಾಧ್ಯತೆ ಜಾಸ್ತಿ. ಹೆಸರು ಅಮೆರಿಕದ್ದು, ಹುಟ್ಟಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಭಾರತದಲ್ಲಿ ಮಾರಾಟಕ್ಕೇ ಇಲ್ಲ.

ಹಾಗಾದ್ರೆ ನಾವ್ಯಾಕೆ ಇದರ ಬಗ್ಗೆ ಮಾತಾಡ್ತಿದೀವಿ? ನನ್ನ ಅಕ್ಕ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಅವಳೂ ಭಾವನೂ ಇದನ್ನ ತಗೋಬೇಕು ಅಂತ ಎರಡು ವರ್ಷದಿಂದ ಲೆಕ್ಕ ಹಾಕ್ತಿದಾರೆ. ಬೇಕಾದ ಸವಲತ್ತು ಸೇರಿಸ್ತಾ ಹೋದ್ರೆ ಹೊಸದರ ಬೆಲೆ 80,000 ಯೂರೋ ದಾಟೋದು ಸಾಮಾನ್ಯ. ಮೈಸೂರಲ್ಲಿ ಸೈಟು ತಗೊಳ್ಳೋಕೆ ಅಂತ ಕೂಡಿಟ್ಟ ದುಡ್ಡು ಅದು. ಅದಕ್ಕೇ ಕಳೆದ ಸೆಪ್ಟೆಂಬರ್‌ನಲ್ಲಿ ನಾನು ಅಲ್ಲಿಗೆ ಹೋದಾಗ ಒಂದನ್ನ ಐದು ದಿನ ಬಾಡಿಗೆಗೆ ತಗೊಂಡ್ವಿ. ಅಕ್ಕ, ಅವಳ ಎಂಟು ವರ್ಷದ ಮಗ, ನಾನು, ಮತ್ತೆ 67 ವರ್ಷದ ನಮ್ಮಮ್ಮ. ಭಾವನಿಗೆ ರಜೆ ಸಿಗಲಿಲ್ಲ. ಬೋಡೆನ್‌ಸೇ ಸರೋವರ ಸುತ್ತಿ ಬಂದ್ವಿ.

ನಮ್ಮ ಅನುಭವಕ್ಕೆ ಬರೋ ಮೊದಲು ಆ ಹೆಸರು ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ, ಯಾಕಂದ್ರೆ ಅದರಲ್ಲೊಂದು ತಮಾಷೆ ಇದೆ. 1947ರಲ್ಲಿ ಬೆನ್ ಪೊನ್ ಅನ್ನೋ ಡಚ್ ವ್ಯಾಪಾರಿ ಒಂದು ಡಬ್ಬಿಯಾಕಾರದ ವ್ಯಾನಿನ ಚಿತ್ರ ಗೀಚಿದ. 1950ರಲ್ಲಿ ಅದು ಕಾರ್ಖಾನೆಯಿಂದ ಹೊರಬಂತು. ಮರುವರ್ಷವೇ ವೆಸ್ಟ್‌ಫಾಲಿಯಾ ಅನ್ನೋ ಬೇರೊಂದು ಜರ್ಮನ್ ಕಂಪನಿ ಅದರೊಳಗೆ ಇಡೋಕೆ 'ಕ್ಯಾಂಪಿಂಗ್ ಬಾಕ್ಸ್' ಅಂತ ಪೀಠೋಪಕರಣದ ಒಂದು ಸೆಟ್ ಮಾಡಿತು. ಬೇಡದಾಗ ತೆಗೆದಿಡಬಹುದಿತ್ತು. ವಾರವೆಲ್ಲ ಸಾಮಾನು ಸಾಗಿಸೋ ಗಾಡಿ, ಭಾನುವಾರ ಮನೆ. ಈ ಮಾತನ್ನ ಸ್ವಲ್ಪ ತಲೇಲಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

'ಕ್ಯಾಲಿಫೋರ್ನಿಯಾ' ಅನ್ನೋ ಹೆಸರಿನ ಮಾದರಿ ಬಂದಿದ್ದು 1988ರಲ್ಲಿ. ಅದನ್ನೂ ಒಳಗೆ ಸಜ್ಜು ಮಾಡಿದ್ದು ವೆಸ್ಟ್‌ಫಾಲಿಯಾನೇ. ಮುಂದಿನ ಪೀಳಿಗೆಯದ್ದೂ ಅವರದೇ. ಆಮೇಲೆ ಏನಾಯ್ತು ಅಂದ್ರೆ, 1999ರಲ್ಲಿ ಎದುರಾಳಿ ಡೈಮ್ಲರ್‌ಕ್ರೈಸ್ಲರ್ ವೆಸ್ಟ್‌ಫಾಲಿಯಾದಲ್ಲಿ ಪಾಲು ತಗೊಂಡಿತು, 2001ರಲ್ಲಿ ಪೂರ್ತಿ ತನ್ನದು ಮಾಡ್ಕೊಂಡಿತು. ಎದುರಾಳಿಯ ಕೈಗೆ ತನ್ನ ಗಾಡಿ ಕೊಟ್ಟು ಅಡುಗೆಮನೆ ಕಟ್ಟಿಸ್ಕೊಳ್ಳೋದು ಯಾರಿಗೆ ಇಷ್ಟ? 2003ರಲ್ಲಿ ಟಿ5 ಬಂದಾಗ ಫೋಕ್ಸ್‌ವ್ಯಾಗನ್ ಎಲ್ಲ ಕೆಲಸವನ್ನೂ ತನ್ನ ಹ್ಯಾನೋವರ್ ಕಾರ್ಖಾನೆಗೇ ತಗೊಂಡಿತು. ಅಂದ್ರೆ ಜನ ಹಾಡಿ ಹೊಗಳೋ ಹಳೇ ವ್ಯಾನುಗಳ ಕೀರ್ತಿಯಲ್ಲಿ ದೊಡ್ಡ ಪಾಲು ಹೊರಗಿನ ಬಡಗಿಗಳದ್ದು. 'ಕಾರ್ಖಾನೆಯಲ್ಲೇ ಕಟ್ಟಿದ್ದು' ಅನ್ನೋ ಹೆಮ್ಮೆಗೆ ವಯಸ್ಸು ಇನ್ನೂ ಕಾಲು ಶತಮಾನವೂ ಆಗಿಲ್ಲ.

ಸರಿ, ಕಾರ್ಖಾನೆಯಲ್ಲೇ ಕಟ್ಟಿದ್ರಿಂದ ಏನು ಲಾಭ? ಇದು ನನಗೆ ಅರ್ಥ ಆಗಿದ್ದು ಮೊದಲ ದಿನ, ಊರಿನ ನೆಲಮಾಳಿಗೆ ಪಾರ್ಕಿಂಗ್‌ನಲ್ಲಿ. ಜರ್ಮನಿಯಲ್ಲಿ ಇಂಥ ಎಷ್ಟೋ ಪಾರ್ಕಿಂಗ್‌ಗಳ ಬಾಗಿಲಲ್ಲಿ 2 ಮೀಟರ್ ಅಂತ ಬೋರ್ಡ್ ಇರುತ್ತೆ. ನಾವು ತಗೊಂಡಿದ್ದು ಟಿ6.1 ಓಷನ್ ಮಾದರಿ, ಎತ್ತರ 1.99 ಮೀಟರ್. ಒಳಗೆ ಹೋಗುವಾಗ ಅಮ್ಮ ಸೀಟಲ್ಲೇ ತಲೆ ಬಗ್ಗಿಸಿ ಕೂತ್ರು! ಆ ಒಂದು ಸೆಂಟಿಮೀಟರ್ ಅಕಸ್ಮಾತ್ ಉಳಿದಿದ್ದಲ್ಲ. ಹಾಸಿಗೆ, ಒಲೆ, ಫ್ರಿಜ್, ಏಳೋ ಛಾವಣಿ, ಎಲ್ಲವನ್ನೂ 2 ಮೀಟರ್ ಒಳಗೆ, 4.9 ಮೀಟರ್ ಉದ್ದದಲ್ಲಿ ತುರುಕಿದಾರೆ. ಸೋಮವಾರ ಇದೇ ಗಾಡಿಯಲ್ಲಿ ಮಗನ್ನ ಸ್ಕೂಲಿಗೆ ಬಿಟ್ಟು ಆಫೀಸಿಗೆ ಹೋಗಬಹುದು. ಓಡಿಸೋಕೂ ದೊಡ್ಡ ಕಾರಿನ ಹಾಗೇ ಇದೆ ಅಂತ ಅಕ್ಕ ಹೇಳಿದ್ಲು. ಅವಳು ದಿನಾ ಓಡಿಸೋದು ಸಣ್ಣ ಹ್ಯಾಚ್‌ಬ್ಯಾಕ್, ಆದ್ರೂ ಒಂದು ಗಂಟೆಯಲ್ಲಿ ಕೈ ಕೂತಿತು.

ಇನ್ನೊಂದು ಲಾಭ ಹೊಣೆಯದ್ದು. ಖಾಲಿ ವ್ಯಾನ್ ತಗೊಂಡು ಹೊರಗಡೆ ಒಳಾಂಗಣ ಮಾಡಿಸಿದ್ರೆ ಎಂಜಿನ್ ಒಬ್ಬರದ್ದು, ಛಾವಣಿ ಇನ್ನೊಬ್ಬರದ್ದು, ವೈರಿಂಗ್ ಮತ್ತೊಬ್ಬರದ್ದು. ಏನಾದ್ರೂ ಕೆಟ್ರೆ 'ನಮ್ದಲ್ಲ, ಅವರದ್ದು' ಅಂತ ಬೊಟ್ಟು ಮಾಡೋದೇ ಕೆಲಸ. ಇಲ್ಲಿ ಎಲ್ಲಕ್ಕೂ ಒಂದೇ ಬಾಗಿಲು ತಟ್ಟಿದ್ರೆ ಸಾಕು. ಮರುಮಾರಾಟದ ಬೆಲೆ ಗಟ್ಟಿಯಾಗಿ ನಿಲ್ಲೋದಕ್ಕೆ ಇದೂ ಒಂದು ಕಾರಣ.

ಇನ್ನು ಒಳಗಿನ ಸಂಸಾರಕ್ಕೆ ಬರೋಣ. ಓಷನ್‌ನಲ್ಲಿ ಎರಡು ಗ್ಯಾಸ್ ಒಲೆ, 42 ಲೀಟರ್ ಫ್ರಿಜ್, 30 ಲೀಟರ್ ನೀರು, ಅಷ್ಟೇ ಹಿಡಿಯೋ ಕೊಳೆನೀರಿನ ತೊಟ್ಟಿ. ಮಡಚೋ ಕುರ್ಚಿ ಹಿಂಬಾಗಿಲೊಳಗೆ, ಮೇಜು ಪಕ್ಕದ ಬಾಗಿಲೊಳಗೆ ಅಡಗಿ ಕೂತಿರುತ್ತೆ. ನಿಜವಾಗ್ಲೂ ಜಾಣ ಕೆಲಸ, ಮಗನಂತೂ ಅದನ್ನ ತೆಗೆಯೋದು ಮುಚ್ಚೋದು ಮಾಡ್ತಾನೇ ಇದ್ದ. ಬಟನ್ ಒತ್ತಿದ್ರೆ ಛಾವಣಿ ತಾನೇ ಏಳುತ್ತೆ. ಮೇಲೆ 2 ಮೀಟರ್ ಉದ್ದ, 1.2 ಮೀಟರ್ ಅಗಲದ ಹಾಸಿಗೆ. ಕೆಳಗೆ ಹಿಂದಿನ ಸೀಟನ್ನೇ ಬಿಡಿಸಿದ್ರೆ 1.14 ಮೀಟರ್ ಅಗಲದ್ದು.

ಆದ್ರೆ ಗ್ಯಾಸ್ ಬಾಟ್ಲಿಯಲ್ಲಿರೋದು 2.75 ಕೆ.ಜಿ. ನಮ್ಮ ಮನೆ ಸಿಲಿಂಡರ್ 14.2 ಕೆ.ಜಿ. ಅನ್ನೋದು ನೆನಪಿರಲಿ. ಅನ್ನ, ಬೇಳೆ, ಕಾಫಿಗೆ ಏನೂ ತೊಂದರೆ ಇಲ್ಲ. ಒಗ್ಗರಣೆ ಮಾತ್ರ ಬೇರೆ ಕಥೆ. ಒಣಮೆಣಸಿನಕಾಯಿ ಹಾಕಿದ ಅರ್ಧ ನಿಮಿಷಕ್ಕೆ ನಾಲ್ಕೂ ಜನ ಕೆಮ್ಮುತ್ತಾ ಹೊರಗಿದ್ವಿ. ಛಾವಣಿಯ ಗೋಡೆ ಬಟ್ಟೆಯದ್ದು, ಹಾಸಿಗೆ ಸೀಟೂ ಬಟ್ಟೆಯದ್ದು. ಆ ವಾಸನೆ ಅಷ್ಟು ಸುಲಭಕ್ಕೆ ಹೋಗಲ್ಲ. ಎರಡನೇ ದಿನದಿಂದ ಒಂದು ಸಣ್ಣ ಒಲೆ ಹೊರಗಿಟ್ಕೊಂಡ್ವಿ. ಅನುಭವಿ ಕ್ಯಾಂಪರ್‌ಗಳು ಮಾಡೋದೂ ಅದನ್ನೇ ಅಂತೆ. ನೀರು ಒಂದೂವರೆ ದಿನಕ್ಕೆ ಮುಗೀತಿತ್ತು. ಹರಿಯೋ ನಲ್ಲಿ ಕೆಳಗೆ ಪಾತ್ರೆ ತೊಳೆಯೋ ಕೈಗಳಿಗೆ 30 ಲೀಟರ್ ಎಲ್ಲಿ ಸಾಕು? ಫ್ರಿಜ್ ಬಾಗಿಲು ಮೇಲ್ಗಡೆಗೆ ತೆರೆಯುತ್ತೆ, ಹಾಗಾಗಿ ಬೇಕಾದ ಮೊಸರು ಯಾವಾಗ್ಲೂ ತಳದಲ್ಲೇ.

ಇದೆಲ್ಲ ಹೊಂದಿಕೊಂಡು ಹೋಗೋ ವಿಷಯ. ಹೊಂದಿಕೊಳ್ಳೋಕೆ ಆಗದ್ದು ಒಂದಿದೆ, ರೀಲ್‌ಗಳಲ್ಲಿ ಯಾರೂ ತೋರಿಸಲ್ಲ. ಈ ವ್ಯಾನಲ್ಲಿ ಟಾಯ್ಲೆಟ್ ಇಲ್ಲ. ಬೇಕಂದ್ರೆ ಸಣ್ಣ ಕೆಮಿಕಲ್ ಟಾಯ್ಲೆಟ್ ಕೊಂಡು ಒಳಗಿಟ್ಕೋಬಹುದು, ಆದ್ರೆ ಪಕ್ಕದಲ್ಲೇ ಮೂರು ಜನ ಮಲಗಿರುವಾಗ ಅಮ್ಮ ಅದನ್ನ ಬಳಸ್ತಾರಾ? ಸಾಧ್ಯವೇ ಇಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ರಾತ್ರಿ ಎರಡು ಸಲ ಏಳಬೇಕು. ಪಕ್ಕದಲ್ಲಿ ಮಲಗಿದ್ದ ಅಕ್ಕನೂ ಏಳಬೇಕು. ಸ್ವೆಟರ್, ಚಪ್ಪಲಿ, ಟಾರ್ಚು, ಜಾರುಬಾಗಿಲಿನ ದಡಾರ್ ಸದ್ದು, ಕ್ಯಾಂಪ್‌ಸೈಟಿನ ಆ ತುದಿಗೆ ನಡಿಗೆ. ಮೂರನೇ ರಾತ್ರಿ ಮಳೆ ಬೇರೆ. 'ಇಷ್ಟು ದುಡ್ಡು ಕೊಟ್ಟು ಹಳ್ಳಿ ಮನೆಗೆ ಬಂದಂಗಾಯ್ತಲ್ಲೇ' ಅಂತ ಅಮ್ಮ ಅಂದಿದ್ದು ಮೇಲೆ ಮಲಗಿದ್ದ ನನಗೂ ಕೇಳಿಸ್ತು.

ಹಗಲಲ್ಲಿ ಅಮ್ಮ ಒಂದು ಗಂಟೆ ಅಡ್ಡಾಗಬೇಕು ಅಂದ್ರೂ ಸೀಟಿನ ಮೇಲಿನ ಬ್ಯಾಗೆಲ್ಲ ಮುಂದೆ ಸರಿಸಿ, ಹಾಸಿಗೆ ಬಿಡಿಸಬೇಕು. ಹೊರಡಬೇಕಾದ್ರೆ ಮತ್ತೆ ಉಲ್ಟಾ. ಕೂರೋ ಜಾಗ, ಮಲಗೋ ಜಾಗ ಎರಡೂ ಒಂದೇ ಆಗಿರೋ ಗಾಡಿಯಲ್ಲಿ ಒಬ್ಬರ ನಿದ್ದೆ ಎಲ್ಲರ ವೇಳಾಪಟ್ಟಿ.

ಎಲ್ಲಿ ಬೇಕಾದ್ರಲ್ಲಿ ನಿಲ್ಲಿಸಿ ಮಲಗಬಹುದು ಅನ್ನೋ ಕನಸಿನ ಬಗ್ಗೆಯೂ ಒಂದು ಮಾತು. ಜರ್ಮನಿಯಲ್ಲಿ ಹಾಗಿಲ್ಲ. ಓಡಿಸಿ ಸುಸ್ತಾಗಿದ್ರೆ ಸಾರ್ವಜನಿಕ ಪಾರ್ಕಿಂಗ್‌ನಲ್ಲಿ ಒಂದು ರಾತ್ರಿ ಗಾಡಿಯೊಳಗೆ ಮಲಗೋಕೆ ಅಡ್ಡಿ ಇಲ್ಲ, ನಿಷೇಧದ ಫಲಕ ಇರಬಾರದು ಅಷ್ಟೇ. ಕುರ್ಚಿ ಹಾಕಿ, ಪಕ್ಕದ ಚಪ್ಪರ ಬಿಡಿಸಿ ಕೂತ್ರೆ ಅದು ಕ್ಯಾಂಪಿಂಗ್ ಆಗುತ್ತೆ, ಅದಕ್ಕೆ ದುಡ್ಡು ಕೊಟ್ಟು ಕ್ಯಾಂಪ್‌ಸೈಟಿಗೇ ಹೋಗಬೇಕು.

ಈಗ ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾ ಮನೆ ಅಲ್ಲ, ಮನೆ ಆಗಬಲ್ಲ ಕಾರು. ಆ ಕ್ಯಾಂಪಿಂಗ್ ಬಾಕ್ಸ್ ನೆನಪಿದೆಯಲ್ಲ, 1951ರದ್ದು? ಅದೇ ಯೋಚನೆ ಇನ್ನೂ ನಡೀತಿದೆ. ಕಾರು ಅಂತ ಅಳೆದ್ರೆ ಅದರ ಹೆಸರು ಪೂರ್ತಿ ನಿಜ. ಮನೆ ಅಂತ ಅಳೆದ್ರೆ, ಅದೇ ದುಡ್ಡಿಗೆ ಟಾಯ್ಲೆಟ್, ಸ್ನಾನದ ಜಾಗ ಇರೋ ಉದ್ದನೆಯ ಗಾಡಿಗಳು ಸಿಗುತ್ತವೆ. ಫೋಕ್ಸ್‌ವ್ಯಾಗನ್‌ಗೂ ಅದು ಗೊತ್ತು, ಅದಕ್ಕೇ 2019ರಲ್ಲಿ ಗ್ರ್ಯಾಂಡ್ ಕ್ಯಾಲಿಫೋರ್ನಿಯಾ ತಂದಿದ್ದು. ಒಳಗೆ ಟಾಯ್ಲೆಟ್ಟೂ ಇದೆ ಶವರ್ರೂ ಇದೆ, ಎತ್ತರ 3 ಮೀಟರ್ ಹತ್ತಿರ. ನೆಲಮಾಳಿಗೆ ಪಾರ್ಕಿಂಗ್‌ಗೆ ಅಲ್ಲಿಂದಲೇ ಕೈಮುಗೀಬೇಕು.

2024ರಲ್ಲಿ ಬಂದ ಹೊಸ ಕ್ಯಾಲಿಫೋರ್ನಿಯಾ ಇನ್ನೂ ಕಾರಿನ ಕಡೆಗೇ ವಾಲಿದೆ. ಅದು ಮಲ್ಟಿವ್ಯಾನ್ ಅನ್ನೋ ಕುಟುಂಬದ ಕಾರಿನ ಅಡಿಪಾಯದ ಮೇಲೆ ನಿಂತಿದೆ. ಈಗ ಎರಡೂ ಕಡೆ ಜಾರುಬಾಗಿಲು, ಹೈಬ್ರಿಡ್ ಕೂಡ ಸಿಗುತ್ತೆ. ಇನ್ನೊಂದು ಬಾಗಿಲಿಗೆ ಜಾಗ ಬೇಕಲ್ಲ, ಅಡುಗೆಮನೆ ಕುಗ್ಗಿದೆ, ಒಲೆ ಎರಡಿದ್ದದ್ದು ಒಂದಾಗಿದೆ. ಅನ್ನ ಮೊದಲಾ, ಸಾರು ಮೊದಲಾ ಅಂತ ನಿರ್ಧಾರ ಮಾಡ್ಬೇಕು! ನನಗಂತೂ ಹಳೇದೇ ಇಷ್ಟ ಆಯ್ತು.

ದುಡ್ಡಿನ ಲೆಕ್ಕ ಭಾವನದ್ದು. ಫೋನಲ್ಲಿ ಹೇಳಿದ್ರು, ನಾನು ಬರ್ಕೊಂಡೆ. ಇದು ಊಹೆಯ ಲೆಕ್ಕ, ನಿಮ್ಮ ಅಂಕಿ ಹಾಕಿ ನೀವೇ ಮಾಡ್ಕೋಬಹುದು. 80,000ಕ್ಕೆ ಕೊಂಡು ಎಂಟು ವರ್ಷ ಆದ್ಮೇಲೆ ಅರ್ಧ ಬೆಲೆಗೆ ಮಾರಿದ್ರಿ ಅನ್ನಿ. ವರ್ಷಕ್ಕೆ 5,000 ಯೂರೋ ಕರಗಿತು. ವಿಮೆ, ತೆರಿಗೆ, ಸರ್ವಿಸ್ ಅಂತ ಇನ್ನೊಂದು 2,000. ಒಟ್ಟು 7,000. ನಾವು ಕೊಟ್ಟ ಬಾಡಿಗೆ ದಿನಕ್ಕೆ 140 ಯೂರೋ. ಅಂದ್ರೆ ವರ್ಷಕ್ಕೆ 50 ದಿನ ಅದರಲ್ಲಿ ಮಲಗಿದ್ರೆ ಮಾತ್ರ ಕೊಂಡಿದ್ದಕ್ಕೂ ಬಾಡಿಗೆಗೂ ಸಮ. ಯಾರಿಗಿದೆ ಅಷ್ಟು ರಜೆ? ಆದ್ರೆ ಈ ವ್ಯಾನ್ ಬಂದ ಮೇಲೆ ಮನೆಯ ಕಾರನ್ನ ಮಾರಿಬಿಟ್ರೆ, ಆ ಕಾರಿಗೆ ವರ್ಷಕ್ಕೆ ಆಗ್ತಿದ್ದ 4,000 ಉಳೀತು. ಬಾಕಿ 3,000ಕ್ಕೆ 21, 22 ದಿನ ಸಾಕು. ಮನೆ ಮುಂದೆ ಕಾರೂ ಇಟ್ಕೊಂಡು ಇದನ್ನೂ ತಗೊಳ್ಳೋರಿಗೆ ಇದು ಶೋಕಿ. ಒಂದನ್ನ ಕೊಟ್ಟು ಇದನ್ನ ತರೋರಿಗೆ ಮಾತ್ರ ಲೆಕ್ಕ ಕೂಡುತ್ತೆ.

ಸೆಕೆಂಡ್ ಹ್ಯಾಂಡ್ ನೋಡೋರು ಎರಡು ಮೂರು ಕಡೆ ಕಣ್ಣಿಡಬೇಕು. ಟಿ5, ಟಿ6 ವ್ಯಾನುಗಳ ಏಳೋ ಛಾವಣಿಯ ಅಂಚಲ್ಲಿ ಬಣ್ಣ ಉಬ್ಬಿ ಲೋಹ ಸವೆಯೋದು ಮಾಲೀಕರಿಗೆಲ್ಲ ಗೊತ್ತಿರೋ ವಿಷಯ. ಅದಕ್ಕೆ ಛಾವಣಿ ಪೂರ್ತಿ ಎತ್ತಿ, ಅಂಚಿನ ರಬ್ಬರ್ ಸುತ್ತ ಬೆರಳಾಡಿಸಿ ನೋಡಿ. ಟಿ5 ಕಾಲದ 180 ಅಶ್ವಶಕ್ತಿಯ ಜೋಡಿ ಟರ್ಬೊ ಡೀಸೆಲ್ ಎಂಜಿನ್ ಆಯಿಲ್ ಕುಡಿಯೋದಕ್ಕೆ ಹೆಸರುವಾಸಿ. ಆಯಿಲ್ ಮಟ್ಟ ನೋಡದೆ, ಸರ್ವಿಸ್ ದಾಖಲೆ ಓದದೆ ಮುಂಗಡ ಕೊಡ್ಬೇಡಿ. ಗ್ಯಾಸ್ ವ್ಯವಸ್ಥೆಗೆ ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಆಗ್ಬೇಕು, ಆ ಚೀಟಿ ಕೇಳಿ.

ಸದ್ಯಕ್ಕೆ ಅಕ್ಕನ ಮನೆಯಲ್ಲಿ ಹೊಸದರ ಮಾತು ನಿಂತಿದೆ. ಎರಡು ಒಲೆಯ ಹಳೇ ಟಿ6.1 ಒಂದನ್ನ ಹುಡುಕ್ತಿದಾರೆ, ಸಿಕ್ಕಿದ್ರೆ ಹ್ಯಾಚ್‌ಬ್ಯಾಕ್ ಮಾರೋದು ಅಂತ ಭಾವ ಒಪ್ಪಿದಾರೆ. ಅಮ್ಮನ ಷರತ್ತು ಒಂದೇ: ಮುಂದಿನ ಬೇಸಿಗೆಗೆ ವ್ಯಾನ್ ಬಂದ್ರೂ ಸರಿ, ಟಾಯ್ಲೆಟ್ ಬ್ಲಾಕಿನ ಪಕ್ಕದ ಜಾಗವನ್ನೇ ಬುಕ್ ಮಾಡಬೇಕು.