ಪ್ರಸಂಗಕವಿಗಳಲ್ಲಿ ಪಾರ್ತಿಸುಬ್ಬನ ಹಿರಿಮೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಲ್ಲಿ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತಾಳಮದ್ದಳೆಯ ಕಾಲ ಮೊದಲಾಗುತ್ತದೆ. ಮಳೆಗಾಲದ ಆ ಕೂಟಗಳಲ್ಲಿ 'ವಾಲಿಮೋಕ್ಷ', 'ಅಂಗದ ಸಂಧಾನ'ಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಕಥೆಯನ್ನು ಬಲ್ಲ, ಪದಗಳನ್ನೂ ಬಲ್ಲ ಜನರೇ ಪುನಃ ಬಂದು ಕುಳಿತುಕೊಳ್ಳುತ್ತಾರೆ. ಇವುಗಳ ಕರ್ತೃವೆಂದು ಪರಂಪರೆಯು ಹೇಳುವ ಕುಂಬಳೆಯ ಪಾರ್ತಿಸುಬ್ಬನನ್ನು ತೆಂಕುತಿಟ್ಟಿನ ಆದಿಕವಿಯೆಂದು ಕರೆಯುವುದು ವಾಡಿಕೆಯಾಗಿದೆ. ಆದರೆ ಇದೇ ಕವಿಯನ್ನು ತರಗತಿಯಲ್ಲಿ ಓದಿಸಹೊರಟ ಅಧ್ಯಾಪಕನಿಗೆ ಒಂದು ಪೇಚು ಎದುರಾಗುತ್ತದೆ. ಅಚ್ಚಿನ ಪುಟದಲ್ಲಿ ಆ ಪದಗಳು ತೀರ ಸರಳವಾಗಿ, ಕೆಲವೆಡೆ ಬಡವಾಗಿಯೂ ತೋರುತ್ತವೆ. ಇವನಿಗಿಂತ ಪಂಡಿತರಾದ ಪ್ರಸಂಗಕವಿಗಳು ಇದ್ದಾರಲ್ಲ, ಇವನೇ ಹಿರಿಯನೇಕೆ ಎಂದು ವಿದ್ಯಾರ್ಥಿ ಕೇಳಿದರೆ ಉತ್ತರ ಸುಲಭವಲ್ಲ.

ಕರ್ತೃತ್ವದ ವಿವಾದವನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡಬೇಕು. ವಿಟ್ಲ ಸೀಮೆಯ ವಿದ್ವಾಂಸರಾದ ಮುಳಿಯ ತಿಮ್ಮಪ್ಪಯ್ಯನವರು ೧೯೪೫ರಲ್ಲಿ 'ಪಾರ್ತಿಸುಬ್ಬ' ಎಂಬ ಗ್ರಂಥವನ್ನೇ ಬರೆದು ಕವಿಯನ್ನು ಕುಂಬಳೆಯಲ್ಲಿ ನೆಲೆಗೊಳಿಸಿದರು. ಪ್ರಸಂಗಗಳಲ್ಲಿ ಸ್ತುತನಾಗುವ ಕಣ್ವಪುರದ ಕೃಷ್ಣನು ಕುಂಬಳೆಯ ಗೋಪಾಲಕೃಷ್ಣನೇ ಎಂಬುದು ಈ ಪಕ್ಷದ ಮುಖ್ಯ ಆಧಾರ. ಶಿವರಾಮ ಕಾರಂತರು ಇದನ್ನು ಒಪ್ಪದೆ, ಅಜಪುರದ, ಎಂದರೆ ಬ್ರಹ್ಮಾವರದ, ಸುಬ್ಬನೊಬ್ಬನ ಕಡೆಗೆ ಕೈತೋರಿದರು. ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಪರಿಷ್ಕರಿಸಿ ಸಂಪಾದಿಸುವಾಗ ಕುಂಬಳೆಯ ಪಕ್ಷವನ್ನೇ ಸಮರ್ಥಿಸಿದರು. ಈ ಚರ್ಚೆಯಲ್ಲಿ ಊರಿನ ಅಭಿಮಾನವೂ ಸ್ವಲ್ಪ ಬೆರೆತುಕೊಂಡಿತೆಂದರೆ ತಪ್ಪಾಗಲಾರದು. ಕವಿ ಯಾವ ಊರಿನವನೆಂಬುದರ ಮೇಲೆ ಕೃತಿಯ ಗುಣ ನಿಂತಿಲ್ಲವಾದುದರಿಂದ ಇಲ್ಲಿ ರೂಢಿಯ ಹೆಸರನ್ನೇ ಇಟ್ಟುಕೊಂಡು ಮುಂದುವರಿಯುತ್ತೇನೆ.

ಸುಬ್ಬನ ಮುಂದಿದ್ದ ಕನ್ನಡದ ಆಕರ ತೊರವೆ ರಾಮಾಯಣ. ಅದು ಭಾಮಿನೀ ಷಟ್ಪದಿಯ ಕಥನಕಾವ್ಯ. ಅಲ್ಲಿ ಕವಿಯೇ ಎದುರು ನಿಂತು ಕಥೆ ಹೇಳುತ್ತಾನೆ, ಪಾತ್ರಗಳ ಮಾತೂ ಅವನ ಬಾಯಿಂದಲೇ ಬರುತ್ತದೆ. ಸುಬ್ಬನು ಈ ಕಥನವನ್ನು ರಾಗತಾಳಗಳ ಪದಗಳಾಗಿ ಒಡೆದನು. ಛಂದಸ್ಸು ಮಾತ್ರ ಬದಲಾಯಿತೆಂದು ಇದನ್ನು ತಿಳಿಯಬಾರದು. ಇವನ ಪದಗಳಲ್ಲಿ ಬಹುಪಾಲು ಒಬ್ಬ ಪಾತ್ರವು ಇನ್ನೊಂದನ್ನು ಕರೆದು ಆಡುವ ಮಾತು. ಅದು ಪ್ರಶ್ನೆಯೋ, ಚುಚ್ಚುವ ಮಾತೋ, ಬೇಡಿಕೆಯೋ ಆಗಿದ್ದು, ಪ್ರತಿಯೊಂದಕ್ಕೂ ಎದುರು ಕುಳಿತವನು ಉತ್ತರ ಕೊಡಲೇಬೇಕಾಗುತ್ತದೆ. ಭಾಗವತನು ಪದವನ್ನು ಹಾಡಿ ನಿಲ್ಲಿಸಿದಾಗ ಅರ್ಥಧಾರಿಗೆ ದೊರೆಯುವುದು ಒಂದು ಸಂದರ್ಭ, ಒಂದು ಭಾವ, ಒಂದು ಗಡಿ. ಮಾತನ್ನು ಅವನೇ ಕಟ್ಟಬೇಕು.

ಉದಾಹರಣೆಗೆ ವಾಲಿಯ ಅವಸಾನವನ್ನು ನೋಡಬಹುದು. ವಾಲ್ಮೀಕಿಯಲ್ಲಿ ವಾಲಿಯ ಆಕ್ಷೇಪಕ್ಕೆ ಕಿಷ್ಕಿಂಧಾಕಾಂಡದ ೧೭ನೆಯ ಸರ್ಗವೂ ರಾಮನ ಸಮಾಧಾನಕ್ಕೆ ೧೮ನೆಯ ಸರ್ಗವೂ ಮೀಸಲಾಗಿವೆ. ಮರೆಯಲ್ಲಿ ನಿಂತು ಹೊಡೆದುದು ಧರ್ಮವೇ, ತಾನು ನಿನಗೇನು ಅಪರಾಧ ಮಾಡಿದೆ ಎಂದು ವಾಲಿ ಕೇಳುತ್ತಾನೆ. ತಮ್ಮನ ಹೆಂಡತಿಯನ್ನು ಇರಿಸಿಕೊಂಡವನಿಗೆ ಇದೇ ದಂಡ, ಮೃಗವನ್ನು ಬೇಟೆಯಾಡುವುದು ದೋಷವಲ್ಲ ಎಂದು ರಾಮ ಹೇಳುತ್ತಾನೆ. ಸುಬ್ಬನು ಈ ವಾದವನ್ನು ಕೆಲವೇ ಪದಗಳಿಗೆ ಇಳಿಸಿದ್ದಾನೆ. ವಾದದ ಎಳೆಗಳೆಲ್ಲ ಅಲ್ಲಿವೆ, ಆದರೆ ಯಾವುದನ್ನೂ ಕೊನೆಮುಟ್ಟಿಸಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (೧೯೧೮-೨೦೦೬) ವಾಲಿಯಾಗಿ ಕುಳಿತಾಗ ಆ ಕೆಲವೇ ಪದಗಳಿಂದ ದೀರ್ಘವಾದ ಧರ್ಮಜಿಜ್ಞಾಸೆ ಹೊರಡುತ್ತಿತ್ತು. ಬೇರೊಬ್ಬರ ವಾಲಿಯಲ್ಲಿ ಅದೇ ಪದಗಳು ಸಾಯುವವನ ಕೊರಗಾಗಿ, ಮಗನ ಚಿಂತೆಯಾಗಿ ಕರಗಬಲ್ಲವು. ಪದ ಎರಡಕ್ಕೂ ಎಡೆಕೊಡುತ್ತದೆ.

ಹಾಗಾದರೆ ಹಿರಿಮೆ ಅರ್ಥಧಾರಿಯದಲ್ಲವೇ, ಕವಿಗೇಕೆ ಕೊಡಬೇಕು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಎಲ್ಲ ಪ್ರಸಂಗಗಳೂ ಸಮರ್ಥ ಅರ್ಥಧಾರಿಗೆ ಹೀಗೆ ಒದಗುವುದಿಲ್ಲ. ಕವಿ ಎಲ್ಲವನ್ನೂ ಹೇಳಿ ಮುಗಿಸಿದರೆ ಅರ್ಥಧಾರಿಗೆ ಉಳಿಯುವುದು ಅನ್ವಯ ಹೇಳುವ ಕೆಲಸ. ಏನನ್ನೂ ಹೇಳದಿದ್ದರೆ ಅವನ ಮಾತು ಕಡಿವಾಣವಿಲ್ಲದ ಉಪನ್ಯಾಸವಾಗುತ್ತದೆ. ಇವೆರಡರ ನಡುವಣ ಅಳತೆ ಸುಬ್ಬನಿಗೆ ತಿಳಿದಿತ್ತು. ಅಂಗದನ ಸಂಧಾನದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ತಂದೆಯನ್ನು ಕೊಂದವನ ದೂತನಾಗಿ ಮಗನು ಲಂಕೆಗೆ ಬರುತ್ತಾನೆ. ವಾಲಿಯ ಬಾಯಲ್ಲಿ ತೀರದೆ ಉಳಿದ ಪ್ರಶ್ನೆ ಈಗ ರಾವಣನ ಕೈಯ ಆಯುಧ. ಒಂದು ಪ್ರಸಂಗದಲ್ಲಿ ಉಳಿದ ನೋವು ಇನ್ನೊಂದರ ಬಂಡವಾಳವಾಗುವ ಈ ಜೋಡಣೆ ನಾಟಕಕಾರನ ಕೆಲಸ. ಅರ್ಥಧಾರಿ ಅದನ್ನು ಬೆಳೆಸಬಹುದು, ಹುಟ್ಟಿಸಲಾರನು.

ಇದೇ ಅಳತೆಯಿಂದ ನಂದಳಿಕೆಯ ಮುದ್ದಣನನ್ನು (೧೮೭೦-೧೯೦೧) ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. 'ರತ್ನಾವತೀ ಕಲ್ಯಾಣ', 'ಕುಮಾರವಿಜಯ'ಗಳಲ್ಲಿ ನಡೆಯ ವೈವಿಧ್ಯವೂ ಶಬ್ದದ ಮೆರುಗೂ ಸುಬ್ಬನಿಗಿಂತ ಹೆಚ್ಚು. ಭಾಗವತನಿಗೆ ಅವು ಹಬ್ಬ. ತರಗತಿಯಲ್ಲಿ ಓದಲು ಮುದ್ದಣನೇ ಮೇಲೆಂದು ನಾನು ಹೇಳಲು ಹಿಂಜರಿಯುವುದಿಲ್ಲ. ಆದರೆ ಅಲ್ಲಿ ಪದ ತನ್ನ ಸೊಗಸಿನಲ್ಲಿ ತಾನೇ ತುಂಬಿಕೊಂಡಿರುತ್ತದೆ, ಮಾತಿಗೆ ಹಸಿವು ಕಡಮೆ. ಸುಬ್ಬನಲ್ಲಿ ದೋಷಗಳಿಲ್ಲವೆಂದಲ್ಲ. ಸವೆದ ವಿಶೇಷಣಗಳಿವೆ, ಪ್ರಾಸಕ್ಕಾಗಿ ತುರುಕಿದ ಶಬ್ದಗಳಿವೆ, ಯುದ್ಧದ ಪದಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದೇ ಕಷ್ಟ.

ಈ ವಿಚಾರ ಇಂದು ಬರಿಯ ರಸಿಕರ ಚರ್ಚೆಯಾಗಿ ಉಳಿದಿಲ್ಲ. ಧರ್ಮಸ್ಥಳದ ಮೇಳವೂ ಸೇರಿ ಹಲವು ಮೇಳಗಳು ಇಡೀ ರಾತ್ರಿಯ ಆಟವನ್ನು ಬಿಟ್ಟು ಕಾಲಮಿತಿಗೆ ಬಂದಿವೆ. ಯಾವ ಪದವನ್ನು ಬಿಡಬೇಕೆಂದು ಭಾಗವತನು ಪ್ರತಿ ರಾತ್ರಿ ನಿರ್ಣಯಿಸಬೇಕಾಗಿದೆ. ಮೂಡುಬಿದಿರೆಯ ಸಮೀಪದ ಮಾರೂರಿನಲ್ಲಿ ನೆಲಸಿ ೨೦೨೩ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರಂತೆ ಪ್ರಸಂಗಗಳನ್ನು ಇಡಿಯಾಗಿ ಕಂಠದಲ್ಲಿ ಇರಿಸಿಕೊಂಡವರಿಗೆ ಈ ಆಯ್ಕೆ ಅನುಭವದಿಂದಲೇ ಒದಗುತ್ತದೆ. ಪುಸ್ತಕ ನೋಡಿ ಕತ್ತರಿಸುವವರಿಗೆ ಹಾಗಲ್ಲ. ಸುಬ್ಬನ ವರ್ಣನೆಯ ಪದವನ್ನು ಬಿಟ್ಟರೆ ಕಥೆಗೆ ಕುಂದಿಲ್ಲ. ತಾರೆಯ ಎಚ್ಚರಿಕೆಯ ಮಾತನ್ನು ಬಿಟ್ಟರೆ ವಾಲಿ ಬರಿಯ ಹುಂಬನಾಗಿ ಸಾಯುತ್ತಾನೆ, ಅವನ ಪ್ರಶ್ನೆಗೆ ತೂಕವೇ ಇರುವುದಿಲ್ಲ. ಯಾವ ಪದ ಉತ್ತರವನ್ನು ಬೇಡುತ್ತದೆ, ಯಾವುದು ಬೇಡುವುದಿಲ್ಲ ಎಂದು ಗುರುತು ಹಾಕಿದ ಪ್ರಸಂಗಪಾಠವೊಂದನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಹಿರಿಯ ಭಾಗವತರ ಬಳಿ ಕುಳಿತು ಸಿದ್ಧಪಡಿಸಬಹುದು. ಮೊದಲಿಗೆ 'ವಾಲಿಮೋಕ್ಷ'ವೊಂದೇ ಸಾಕು.